ಅಂಜನಾಥ್ ಮುಂದೆ ಬೀಳುತ್ತಿರುವ ತಮ್ಮನಿಗೆ, ಆಯುಧದ ವಿಷಯ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಮಾನ್‌ಸ್ಟರ್ ಹಂಟರ್ ವರ್ಲ್ಡ್ ಅನ್ನೋ ಮೃಗಬೇಟೆಯ ವಿಡಿಯೋ ಗೇಮ್ ಶುರು ಮಾಡಿ ಹತ್ತು ದಿನ ಆಗಿದೆ, ಡ್ಯುಯಲ್ ಬ್ಲೇಡ್ಸ್ (ಜೋಡಿ ಕತ್ತಿ) ಹಿಡಿದು ಅಂಜನಾಥ್ ಅನ್ನೋ ಬೆಂಕಿ ಉಗುಳುವ ಮೃಗದ ಮುಂದೆ ಪ್ರತಿ ಸಲ ಮೂರು ಬಾರಿ ಬಿದ್ದು ಕ್ವೆಸ್ಟ್, ಅಂದರೆ ಆ ಬೇಟೆ, ಸೋತು ಹೋಗ್ತಿದೆ, 14 ಆಯುಧಗಳಲ್ಲಿ ಯಾವುದು ಒಳ್ಳೇದು ಅಂತ ಕೇಳಿದ್ದೀಯ. ಉಳಿದವರೆಲ್ಲ ಡ್ಯಾಮೇಜ್ ಲೆಕ್ಕ, ಅಂದರೆ ಯಾವುದರ ಏಟು ಎಷ್ಟು ಜೋರು ಅಂತ ಹೇಳಿದ್ದಾರೆ. ನಾನು ಬೇರೆ ಕೇಳ್ತೀನಿ. ಮೃಗ ಮೈಮೇಲೆ ಬಂದಾಗ ನಿನ್ನ ಕೈ ತಾನಾಗೇ ಏನು ಮಾಡುತ್ತೆ? ಉರುಳುತ್ತಾ, ಗುರಾಣಿ ಹುಡುಕುತ್ತಾ, ಇನ್ನೊಂದು ಏಟು ಹಾಕೇಬಿಡೋಣ ಅನ್ನುತ್ತಾ?

ನೀನು ಬರೆದಿದ್ದು ನೋಡಿದರೆ ಮೂರನೆಯದು. ಡ್ಯುಯಲ್ ಬ್ಲೇಡ್ಸ್‌ಗೆ ಅದೇ ಮುಳುವು. ಅದರಲ್ಲಿ ಬಿರುಸಾಗಿ ಹೊಡೆಯುವ ಡೀಮನ್ ಮೋಡ್ ಸ್ಟ್ಯಾಮಿನಾ (ದಮ್ಮು) ತಿನ್ನುತ್ತಲೇ ಇರುತ್ತೆ. ಅಂಜನಾಥ್ ಬಾಯಲ್ಲಿ ಬೆಂಕಿ ತುಂಬಿಕೊಳ್ಳುವ ಹೊತ್ತಿಗೆ ಸ್ಟ್ಯಾಮಿನಾ ತೋರಿಸುವ ನಿನ್ನ ಹಳದಿ ಪಟ್ಟಿ ಖಾಲಿ. ಉರುಳೋದಕ್ಕೂ ಆಗಲ್ಲ. ಇನ್ನೊಂದು ಮಾತು, ನಮ್ಮ ಕಲಬುರಗಿಯ ಮೇ ತಿಂಗಳಲ್ಲಿ ರಾತ್ರಿ ಹನ್ನೊಂದಾದರೂ ಅಂಗೈ ಬೆವರುತ್ತೆ. ಒಂದೇ ಸಮ ಬಟನ್ ಒತ್ತುವ ಆಯುಧದಲ್ಲಿ ಹೆಬ್ಬೆರಳು ಜಾರುತ್ತೆ. ನನಗೆ ಎಷ್ಟೋ ಸಲ ಆಗಿದೆ.

ಗ್ರೇಟ್ ಸ್ವೋರ್ಡ್, ಅಂದರೆ ದೊಡ್ಡ ಕತ್ತಿ, ಹಿಡಿದು ನೋಡು. ನಾನು ಅದರಲ್ಲೇ ಉಳಿದವನು. ಭಾರ, ಕೈಯಲ್ಲಿ ಹಿಡಿದರೆ ನಡಿಗೆ ನಿಧಾನ. ಅದಕ್ಕೇ ಕತ್ತಿ ಬೆನ್ನಿಗೆ ಹಾಕಿಕೊಂಡೇ ಓಡಾಡು. ಮೃಗ ಬಾಲ ಬೀಸಿ ಮುಗಿಸಿತು ಅನ್ನು, ಆಗ ಎರಡು ಕ್ಷಣ ಸಿಗುತ್ತೆ. ಹೋಗಿ ನಿಂತು ಬಟನ್ ಒತ್ತಿ ಹಿಡಿ. ಮೂರು ಹಂತ ಚಾರ್ಜ್ ಆಗುತ್ತೆ, ಮೂರನೇದು ತುಂಬಿದ ತಕ್ಷಣ ಬಿಡು. ತಲೆಗೆ ಬಿದ್ದರೆ ಆ ಸದ್ದಿಗೇ ಖುಷಿಯಾಗುತ್ತೆ. ಚಾರ್ಜ್ ಮಾಡುವಾಗ ಮೃಗ ತಿರುಗಿಬಿದ್ದರೆ ಭುಜ ಕೊಟ್ಟು ಟ್ಯಾಕಲ್ ಮಾಡಬಹುದು, ಏಟು ಬಿದ್ದರೂ ಕೆಳಗೆ ಬೀಳಲ್ಲ. ಮಲಗಿದ ಮೃಗಕ್ಕೆ ಮೊದಲ ಏಟು ಇದರದ್ದೇ ಆಗಲಿ, ಅದು ಎರಡು ಪಟ್ಟು ಬೀಳುತ್ತೆ.

ಕಾಯೋದು ನಿನ್ನ ಸ್ವಭಾವಕ್ಕೆ ಆಗಲ್ಲ ಅಂದರೆ ಸ್ವೋರ್ಡ್ ಆಂಡ್ ಶೀಲ್ಡ್ (ಕತ್ತಿ, ಗುರಾಣಿ). ಕತ್ತಿ ಹಿಡಿದೇ ಪೋಷನ್, ಅಂದರೆ ಜೀವ ತುಂಬುವ ಮದ್ದು, ಕುಡಿಯಬಹುದು. ಹೊಸಬರಿಗೆ ಇದು ದೊಡ್ಡ ಅನುಕೂಲ. ಗುರಾಣಿ ಹಿಂದೆ ನಿಲ್ಲೋದು ಇಷ್ಟವಾದರೆ ಲ್ಯಾನ್ಸ್ (ಉದ್ದ ಈಟಿ). ಹ್ಯಾಮರ್ ತಲೆಗೆ ಹೊಡೆದು ಮೃಗವನ್ನು ತಲೆತಿರುಗಿಸಿ ಬೀಳಿಸುತ್ತೆ, ಆದರೆ ಬಾಲ ಕತ್ತರಿಸಲ್ಲ. ಲಾಂಗ್ ಸ್ವೋರ್ಡ್ ಚಂದವೇ, ಆದರೆ ನಾಲ್ಕು ಜನ ಆಡುವಾಗ ಅದರ ಬೀಸು ಪಕ್ಕದವನಿಗೂ ತಾಗಿ ಅವನ ಏಟು ಕೆಡುತ್ತೆ. ಕತ್ತಿಯೂ ಕೊಡಲಿಯೂ ಆಗುವ ಚಾರ್ಜ್ ಬ್ಲೇಡ್ ಈಗಲೇ ಬೇಡ.

ಯಾವುದೇ ಹಿಡಿ, ಪರದೆಯಲ್ಲಿ ಹರಿತ ತೋರಿಸುವ ಬಣ್ಣ ನೋಡ್ತಾ ಇರು. ತೊಗರಿ ಕೊಯ್ಯುವಾಗ ಕುಡುಗೋಲು ಮೊಂಡಾದರೆ ಗಟ್ಟಿ ಕಾಂಡದ ಮೇಲೆ ಜಾರುತ್ತಲ್ವಾ, ಇಲ್ಲೂ ಹಾಗೇ. ಹಸಿರಿನಿಂದ ಹಳದಿಗೆ ಇಳಿಯಿತು ಅಂದರೆ ಗಟ್ಟಿ ಚರ್ಮಕ್ಕೆ ಬಡಿದು ಕತ್ತಿ ವಾಪಸ್ ಪುಟಿಯುತ್ತೆ, ಆ ಹೊತ್ತಲ್ಲೇ ಏಟು ತಿನ್ನುತ್ತೀಯ. ಮೃಗ ಬೇರೆ ಕಡೆ ಓಡಿದಾಗ ಮಸೆದುಕೊ. ವೆಟ್‌ಸ್ಟೋನ್ (ಮಸೆಯುವ ಕಲ್ಲು) ಈ ಆಟದಲ್ಲಿ ಮುಗಿಯಲ್ಲ.

ಆಟದೊಳಗಿನ ನಿನ್ನ ಮನೆಯಲ್ಲಿರುವ ಬೆಕ್ಕಿನ ಹತ್ತಿರ ಮಾತಾಡಿದರೆ ಟ್ರೇನಿಂಗ್ ಏರಿಯಾಗೆ (ಅಭ್ಯಾಸದ ಜಾಗ) ಹೋಗಬಹುದು. ಒಂದೊಂದು ಆಯುಧಕ್ಕೆ ಹದಿನೈದು ನಿಮಿಷ ಕೊಡು. ಆಮೇಲೆ ಗ್ರೇಟ್ ಜಾಗ್ರಾಸ್ ಅನ್ನೋ ಸುಲಭದ ಮೃಗದ ಮೇಲೆ ಎರಡು ಬೇಟೆ. ಅಂಜನಾಥ್‌ಗೆ ನೀರಿನ ಗುಣದ ಆಯುಧ ಚೆನ್ನಾಗಿ ತಾಗುತ್ತೆ. ಡ್ಯುಯಲ್ ಬ್ಲೇಡ್ಸ್ ಬಿಡೋಕೆ ಮನಸ್ಸೇ ಬರದಿದ್ದರೆ ಆ ಗುಣದ್ದನ್ನು ಮಾಡಿಸಿಕೊ, ಡೀಮನ್ ಮೋಡ್ ಅರ್ಧ ಪಟ್ಟಿಗೇ ನಿಲ್ಲಿಸು.

ಬೇಟೆ ಮಧ್ಯೆ ಸೇವ್ ಆಗಲ್ಲ. ಕರೆಂಟ್ ಹೋಗುವ ಹೊತ್ತು ನೋಡಿಕೊಂಡು ಕೂತ್ಕೋ. ಭಾನುವಾರ ರಾತ್ರಿ ನಾನು ಇರ್ತೀನಿ, ನನ್ನನ್ನು ಕರಿ, ಜೊತೆಗೆ ಹೋಗೋಣ.