“ಬೆಂಗಳೂರಿನ ನಮ್ಮ ಬಡಾವಣೆ ಪಕ್ಕದಲ್ಲೇ 1,100 ಫ್ಲಾಟ್ ಮತ್ತು ಮಾಲ್ ಬರುತ್ತಿದೆ. 2,000 ಸಹಿ ಸಿದ್ಧವಿದೆ. ಸಾರ್ವಜನಿಕ ಅಹವಾಲು ಸಭೆ ಯಾವಾಗ ಕರೆಯುತ್ತಾರೆ?” ಎಂದು ಕೇಳಿದ್ದೀರಿ.

ಕರೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಸಭೆಗೆ ಕಾಯುತ್ತಾ ಕೂತೇ ನಾವು ಅರ್ಧ ಸೋತದ್ದು.

ನಮ್ಮದೂ ಬೆಂಗಳೂರು, ನಗರದ ಪೂರ್ವ ಭಾಗ. ಬಡಾವಣೆಯ ಒಂದು ಬದಿಗೆ ಕೆರೆ, ಇನ್ನೊಂದು ಬದಿಗೆ ಮುಚ್ಚಿಹೋದ ಕಾರ್ಖಾನೆಯ ಜಾಗ. ಅಲ್ಲಿ ಸಾವಿರದಷ್ಟು ಫ್ಲಾಟು, ರಸ್ತೆ ಕಡೆಗೆ ಅಂಗಡಿ-ಆಫೀಸಿನ ಕಟ್ಟಡ ಬರುತ್ತದೆ ಎಂದು ಗೊತ್ತಾದಾಗ ನಾವೂ ಮನೆಮನೆ ತಿರುಗಿ ಸಹಿ ಕೂಡಿಸಿದೆವು. ಗಣಿಗೋ ಸಿಮೆಂಟ್ ಕಾರ್ಖಾನೆಗೋ ಶಾಮಿಯಾನ ಹಾಕಿ, ಅಧಿಕಾರಿಗಳು ಕೂತು, ಊರವರ ಮಾತು ಬರೆದುಕೊಳ್ಳುತ್ತಾರಲ್ಲ, ನಮಗೂ ಅಂಥದ್ದೇ ನಡೆಯುತ್ತದೆ ಎಂದುಕೊಂಡಿದ್ದೆವು. ಕಟ್ಟಡಗಳ ವಿಷಯದಲ್ಲಿ ಆ ನಿಯಮವೇ ಇಲ್ಲ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಕಟ್ಟಡ ಮತ್ತು ಟೌನ್‌ಶಿಪ್‌ಗಳು 8ನೇ ಬಾಬ್ತು. ಒಟ್ಟು ಕಟ್ಟಡ ವಿಸ್ತೀರ್ಣ 20,000ದಿಂದ 1,50,000 ಚದರ ಮೀಟರ್ ಒಳಗಿದ್ದರೆ 8(ಎ), ಅದನ್ನು ಮುಟ್ಟಿದರೆ ಅಥವಾ ದಾಟಿದರೆ 8(ಬಿ). ಈ ಬಾಬ್ತಿನ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿದ್ದಾರೆ. ಸಾವಿರಾರು ಜನ ಬಂದು ವಾಸಿಸುವ ಯೋಜನೆಗೆ ಅಕ್ಕಪಕ್ಕದವರನ್ನು ಕೇಳಬೇಕಿಲ್ಲ ಎಂಬುದು ತಪ್ಪು ಎಂದೇ ನನ್ನ ಅಭಿಪ್ರಾಯ. ಆದರೆ ಇರುವ ನಿಯಮ ಅದು.

ಹಾಗಾದರೆ ನಿಮ್ಮ ಮಾತು ಎಲ್ಲಿ ಸೇರಬೇಕು? ಎರಡು ಜಾಗ ಇವೆ.

ಮೊದಲನೆಯದು ಭೂ ಬಳಕೆ ಬದಲಾವಣೆ. ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಆ ಸರ್ವೆ ನಂಬರ್ ಯಾವ ಬಣ್ಣದಲ್ಲಿದೆ ನೋಡಿ. ಹಳದಿ ವಸತಿ, ನೇರಳೆ ಕೈಗಾರಿಕೆ. ಕೃಷಿ ವಲಯದಲ್ಲಿ ಇರುವ ಜಾಗವನ್ನು ವಸತಿಗೆ ಬದಲಿಸಬೇಕಾದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಪ್ರಕಾರ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕನಿಷ್ಠ 15 ದಿನ ಆಕ್ಷೇಪಣೆ ಕರೆಯಬೇಕು. ಇಡೀ ಪ್ರಕ್ರಿಯೆಯಲ್ಲಿ ಸಾರ್ವಜನಿಕರನ್ನು ಕಾನೂನೇ ಕರೆಯುವುದು ಇಲ್ಲಿ. ಪ್ರಕಟಣೆ ಬರುವುದು ಟೆಂಡರು, ಹರಾಜು, ಹೆಸರು ಬದಲಾವಣೆಗಳ ನಡುವೆ. ಆ ಪುಟ ಓದುವ ಕೆಲಸವನ್ನು ಬಡಾವಣೆಯ ಒಬ್ಬರಿಗೆ ವಹಿಸಿ. ಜಾಗ ಮೊದಲೇ ಹಳದಿಯಲ್ಲಿದ್ದರೆ ಈ ಬಾಗಿಲು ನಿಮಗಿಲ್ಲ.

ಎರಡನೆಯದು ಪರಿಸರ ಅನುಮತಿ. ಎಲ್ಲರೂ ಇದನ್ನು ಇಸಿ ಎನ್ನುತ್ತಾರೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಇಸಿ ಬೇರೆ, ಇದು ಬೇರೆ. ರಾಜ್ಯದ ತಜ್ಞರ ಸಮಿತಿ, ಅಂದರೆ ಎಸ್‌ಇಎಸಿ, ಕಡತ ಪರಿಶೀಲಿಸಿ ಶಿಫಾರಸು ಮಾಡುತ್ತದೆ. ಎಸ್‌ಇಐಎಎ ಎಂಬ ಪ್ರಾಧಿಕಾರ ಅನುಮತಿ ಕೊಡುತ್ತದೆ. ಅರ್ಜಿ, ನಕ್ಷೆ, ವರದಿ ಎಲ್ಲ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತವೆ. ಸಭೆಯ ಕಾರ್ಯಸೂಚಿಯನ್ನೂ ನಡಾವಳಿಯನ್ನೂ ಹಾಕುತ್ತಾರೆ. ಸಮಿತಿ ನಿಮ್ಮನ್ನು ಕರೆಯುವುದಿಲ್ಲ, ಆದರೆ ಸಭೆಗೆ ಮುಂಚೆ ಸದಸ್ಯ ಕಾರ್ಯದರ್ಶಿಯವರಿಗೆ ಲಿಖಿತ ಮನವಿ ಕೊಡುವುದನ್ನು ಯಾರೂ ತಡೆಯಲಾರರು. 1,100 ಫ್ಲಾಟಿನ ಜೊತೆ ಮಾಲ್ ಎಂದರೆ ನಿಮ್ಮದು ಬಹುತೇಕ 8(ಬಿ). ನೆಲಮಾಳಿಗೆಯ ಪಾರ್ಕಿಂಗನ್ನೂ ವಿಸ್ತೀರ್ಣದಲ್ಲಿ ಸೇರಿಸಿ ಲೆಕ್ಕ ಹಾಕಬೇಕು. 1,48,000 ಎಂದು ತೋರಿಸಿದ್ದರೆ, ನೆಲಮಾಳಿಗೆ ಬಿಟ್ಟಿದ್ದಾರೆಯೇ, ಮಾಲನ್ನು ಎರಡನೇ ಹಂತ ಎಂದು ಬೇರೆ ಮಾಡಿದ್ದಾರೆಯೇ ನೋಡಿ. 8(ಬಿ) ಆದರೆ ಪೂರ್ಣ ಪರಿಣಾಮ ವರದಿ ಬೇಕು. ವರದಿಯಲ್ಲಿ ಏನೇನು ಅಧ್ಯಯನ ಇರಬೇಕು ಎಂದು ಸಮಿತಿ ತೀರ್ಮಾನಿಸುವಾಗ ಒಮ್ಮೆ, ವರದಿ ಬಂದ ಮೇಲೆ ಇನ್ನೊಮ್ಮೆ, ಹೀಗೆ ಎರಡು ಸಲ ಮನವಿ ಕೊಡಬಹುದು.

ಈಗ ನಮ್ಮ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಇಸಿ ಕೊಟ್ಟ ಮೇಲೆ ಅದರ ವಿರುದ್ಧ ಪರಿಸರ ಪ್ರಕರಣಗಳನ್ನು ನೋಡುವ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣಕ್ಕೆ ಮೇಲ್ಮನವಿ ಹೋಗಬಹುದು. ನಮ್ಮ ರಾಜ್ಯಕ್ಕೆ ಚೆನ್ನೈ ಪೀಠ. ಆ ನ್ಯಾಯಾಧಿಕರಣದ 2010ರ ಕಾಯ್ದೆಯ 16ನೇ ಕಲಂ ಪ್ರಕಾರ, ಆದೇಶ ‘ತಿಳಿಸಿದ’ ದಿನದಿಂದ 30 ದಿನದೊಳಗೆ ಹಾಕಬೇಕು. ಸಕಾರಣ ತೋರಿಸಿದರೆ ಮತ್ತೆ 60 ದಿನ ಸಿಗುತ್ತದೆ. ಒಟ್ಟು 90. ಆಮೇಲೆ ಒಂದು ದಿನವನ್ನೂ ಮನ್ನಿಸುವ ಅಧಿಕಾರ ಪೀಠಕ್ಕಿಲ್ಲ.

ತಿಳಿಸಿದ ದಿನ ಎಂದರೆ ಯಾವುದು? ನಾವು ನಮ್ಮ ಕೈಗೆ ಪ್ರತಿ ಸಿಕ್ಕ ದಿನ ಎಂದು ಓದಿಕೊಂಡೆವು. ಆದೇಶ ನಮಗೆ ಯಾರೂ ಕಳಿಸಿರಲಿಲ್ಲ, ಕಳಿಸದೆ ತಿಳಿಯುವುದು ಹೇಗೆ ಎಂಬುದು ನಮ್ಮ ತರ್ಕ. ಕಾನೂನಿನ ತರ್ಕ ಬೇರೆ. ಇಸಿ ಸಿಕ್ಕಿದೆ ಎಂದು ಕಂಪನಿ ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಪ್ರಾಧಿಕಾರ ಆದೇಶವನ್ನು ಜಾಲತಾಣಕ್ಕೆ ಹಾಕಬೇಕು. ಪಂಚಾಯಿತಿ, ಪಾಲಿಕೆಯವರು ಪ್ರತಿ ಬಂದ ದಿನದಿಂದ 30 ದಿನ ಫಲಕದಲ್ಲಿ ಪ್ರದರ್ಶಿಸಬೇಕು. ಈ ಮೂರರಲ್ಲಿ ಯಾವುದು ಮೊದಲು ಆಗುತ್ತದೋ ಆ ದಿನದಿಂದಲೇ ಎಣಿಕೆ ಶುರು ಎಂದು ನ್ಯಾಯಾಧಿಕರಣ 2013ರಲ್ಲೇ, ಸೇವ್ ಮೋನ್ ರೀಜನ್ ಫೆಡರೇಷನ್ ಪ್ರಕರಣದಲ್ಲಿ ಹೇಳಿದೆ. ನೀವು ಓದಿದಿರೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯಲ್ಲ.

ನಮ್ಮ ಲೆಕ್ಕ ಹೀಗಿತ್ತು. ಜಾಹೀರಾತು ಬಂದ ದಿನವನ್ನು ಸೊನ್ನೆ ಅನ್ನಿ. ಬೆಂಕಿಪೊಟ್ಟಣ ಎರಡು ಪಕ್ಕಪಕ್ಕ ಇಟ್ಟಷ್ಟು ಜಾಗ, ಸಣ್ಣ ಅಕ್ಷರ, ಕೊನೆಯ ಸಾಲಿನಲ್ಲಿ ಜಾಲತಾಣದ ವಿಳಾಸ. ನಮ್ಮಲ್ಲಿ ಒಬ್ಬರೂ ನೋಡಲಿಲ್ಲ. 40ನೇ ದಿನ ಪೈಲಿಂಗ್ ಯಂತ್ರ ಬಂತು, ಅವತ್ತೇ ಆರ್‌ಟಿಐ ಹಾಕಿದೆವು. 68ನೇ ದಿನ ದೃಢೀಕೃತ ಪ್ರತಿ ಬಂತು, ಕಾನೂನಿನ 30 ದಿನದೊಳಗೇ ಬಂತು. ಅಲ್ಲಿಂದ 30 ದಿನ ಇದೆ ಎಂದುಕೊಂಡು, ನೀರಿನ ಪರೀಕ್ಷೆ, ಫೋಟೊ, ನಕ್ಷೆ ಎಲ್ಲ ಅಚ್ಚುಕಟ್ಟಾಗಿ ಜೋಡಿಸಿ, ನಮ್ಮ ಎಣಿಕೆಯ 29ನೇ ದಿನ ಮೇಲ್ಮನವಿ ಹಾಕಿದೆವು. ಅದು ನಿಜವಾಗಿ 97ನೇ ದಿನ. ಅವಧಿಯೊಳಗೇ ಇದ್ದೇವೆ ಎಂಬ ನಂಬಿಕೆಯಿಂದ ವಿಳಂಬ ಮನ್ನಿಸುವ ಅರ್ಜಿಯನ್ನೂ ಜೊತೆಗೆ ಇಟ್ಟಿರಲಿಲ್ಲ. ಇಟ್ಟಿದ್ದರೂ ಉಪಯೋಗವಿರಲಿಲ್ಲ. ಎದುರು ಕಡೆಯ ವಕೀಲರು ಆ ಜಾಹೀರಾತಿನ ಪ್ರತಿಯೊಂದನ್ನೇ ಮುಂದಿಟ್ಟರು. ಆ ಜಾಗದಲ್ಲಿ ಹಾದುಹೋಗುವ ಕಾಲುವೆಯ ವಿಷಯ, ನೀರಿನ ವಿಷಯ ಚರ್ಚೆಗೇ ಬರಲಿಲ್ಲ.

ಆರ್‌ಟಿಐ ಹಾಕಿದ ದಿನ ನಮಗಿನ್ನೂ 50 ದಿನ ಇತ್ತು. ಅವತ್ತೇ ಜಾಲತಾಣದಿಂದ ಆದೇಶ ಇಳಿಸಿಕೊಂಡು ಅದನ್ನೇ ಲಗತ್ತಿಸಿ, ವಿಳಂಬದ ಅರ್ಜಿಯೊಂದಿಗೆ ಹೋಗಿದ್ದರೆ ಸಾಕಿತ್ತು. ದೃಢೀಕೃತ ಪ್ರತಿ ಆಮೇಲೆ ಕೊಟ್ಟರೂ ನಡೆಯುತ್ತಿತ್ತು.

ಆದ್ದರಿಂದ ಒಂದು ನೋಟ್‌ಬುಕ್ ಇಡಿ. ಪ್ರತಿ ಸೋಮವಾರ ಪರಿವೇಶ್ ಮತ್ತು ಎಸ್‌ಇಐಎಎ ಪುಟ ತೆರೆದು, ಕಂಡದ್ದನ್ನು ದಿನಾಂಕ ಹಾಕಿ ಬರೆಯಿರಿ. ಆದೇಶ ಕಂಡ ದಿನ ವಕೀಲರ ಮನೆಗೆ ಹೋಗಿ.

ಮನವಿಯಲ್ಲಿ ಏನು ಬರೆಯಬೇಕು ಎಂಬುದಕ್ಕೆ ಬರೋಣ. ಸಹಿ ಪಟ್ಟಿಯನ್ನು ಪಕ್ಕಕ್ಕಿಡಿ. 2,000 ಸಹಿಯಲ್ಲಿ ಸಮಿತಿ ಉತ್ತರಿಸಲೇಬೇಕಾದ ಒಂದು ಪ್ರಶ್ನೆಯೂ ಇಲ್ಲ. ಮೂರು ಪುಟ ಸಾಕು, ಪ್ರತಿ ಅಂಶಕ್ಕೂ ಅವರದೇ ವರದಿಯ ಪುಟ ಸಂಖ್ಯೆ ಹಾಕಿ.

ಗ್ರಾಮ ನಕ್ಷೆ ತೆಗೆಸಿ, ಯೋಜನೆಯ ಸರ್ವೆ ನಂಬರುಗಳ ಮೇಲೆ ಹಾದುಹೋಗುವ ಹಳ್ಳ, ಕಾಲುವೆ, ಬಂಡಿದಾರಿ ಗುರುತಿಸಿ. ಆ ಎಲ್ಲ ಸರ್ವೆ ನಂಬರಿನ ಪಹಣಿಯಲ್ಲಿ ಖರಾಬು ಕಾಲಂ ನೋಡಿ. ಎ ಖರಾಬು ಸಾಗುವಳಿಗೆ ಬಾರದ ಜಾಗ. ಬಿ ಖರಾಬು ಸಾರ್ವಜನಿಕರದ್ದು, ದಾರಿ, ಕಾಲುವೆಗೆ ಬಿಟ್ಟದ್ದು. ಆ ಗುಂಟೆಗಳನ್ನೂ ಒಟ್ಟು ನಿವೇಶನಕ್ಕೆ ಸೇರಿಸಿಕೊಂಡು, ನಿವೇಶನದ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ, ಅಂದರೆ ಎಫ್‌ಎಆರ್ ಲೆಕ್ಕ ಹಾಕಿರುವ ಸಾಧ್ಯತೆ ಇರುತ್ತದೆ. ನಮ್ಮಲ್ಲಿ 11 ಗುಂಟೆ ಹಾಗೆ ಸೇರಿತ್ತು. ಸ್ಥಳದಲ್ಲಿ ಆ ಕಾಲುವೆ ಈಗ ಒಂದು ಮಾರು ಅಗಲದ ಕೆಸರು ಚರಂಡಿ, ಮೇಲೆ ಕಟ್ಟಡದ ಮಣ್ಣು ಸುರಿದಿದ್ದಾರೆ. ನಕ್ಷೆಯಲ್ಲಿ ಮಾತ್ರ ಅದು ಕೆರೆಯ ಕೋಡಿಯವರೆಗೂ ಸ್ಪಷ್ಟವಾಗಿದೆ.

ಕೆರೆ, ಕಾಲುವೆ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ವಲಯದ ಬಗ್ಗೆ ಒಂದು ಎಚ್ಚರಿಕೆ. ಈಗಲೂ ಅನೇಕರು ಕೆರೆಯಿಂದ 75 ಮೀಟರ್ ಎಂದು ಬರೆಯುತ್ತಾರೆ. ಅದು 2016ರ ಮೇ 4ರ ಹಸಿರು ನ್ಯಾಯಾಧಿಕರಣದ ಆದೇಶದ ಅಂಕಿ. ಸುಪ್ರೀಂ ಕೋರ್ಟ್ 2019ರ ಮಾರ್ಚ್ 5ರಂದು ಅದನ್ನು ತೆಗೆದುಹಾಕಿತು. 2015ರ ಪರಿಷ್ಕೃತ ಮಾಸ್ಟರ್ ಪ್ಲಾನಿನ ಅಳತೆ ಎಂದರೆ ಕೆರೆಗೆ 30 ಮೀಟರ್, ರಾಜಕಾಲುವೆಗೆ ದರ್ಜೆ ಪ್ರಕಾರ 50, 25, 15 ಮೀಟರ್, ಕಾಲುವೆಯ ನಡುಮಧ್ಯದಿಂದ. ಬದಲಾಗುವ ಅಂಕಿಗಳಿವು, ಮನವಿ ಕೊಡುವ ದಿನ ಜಾರಿಯಲ್ಲಿರುವುದನ್ನು ಗೆಜೆಟ್ ನೋಡಿಯೇ ಬರೆಯಿರಿ. ರದ್ದಾದ ಅಂಕಿ ಒಂದಿದ್ದರೂ ಉಳಿದ ಅಂಶಗಳನ್ನು ಓದುವವರು ಹಗುರವಾಗಿ ನೋಡುತ್ತಾರೆ.

ನೀರಿನ ಲೆಕ್ಕ ನೀವೇ ಹಾಕಬಹುದು. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಪ್ರಮಾಣ, ಅದರಲ್ಲಿ 45 ಶೌಚಕ್ಕೆ, 90 ಉಳಿದದ್ದಕ್ಕೆ. ಮನೆಗೆ ಐದು ಜನರಂತೆ ಸಾವಿರ ಫ್ಲಾಟಿಗೆ ದಿನಕ್ಕೆ 6,75,000 ಲೀಟರ್. ಶೌಚಕ್ಕೆ ಸಂಸ್ಕರಿಸಿದ ನೀರು ಬಳಸಿದರೂ ಹೊಸ ನೀರು 4,50,000 ಲೀಟರ್ ಬೇಕು. ಕಾವೇರಿ ಸಂಪರ್ಕ ಸಿಗದಿದ್ದರೆ 6,000 ಲೀಟರಿನ ಟ್ಯಾಂಕರು ದಿನಕ್ಕೆ 75 ಸಲ ಬರಬೇಕು. ಟ್ರಾಫಿಕ್ ವರದಿಯಲ್ಲಿ ಆ 75 ಟ್ಯಾಂಕರ್ ಇವೆಯೇ? ನಮ್ಮ ವರದಿಯಲ್ಲಿ ಒಂದೂ ಇರಲಿಲ್ಲ. ಇನ್ನು ಕೊಳಚೆ. ಬಳಸಿದ್ದರ ನೂರಕ್ಕೆ 80 ಭಾಗ ಎಂದರೆ 5,40,000 ಲೀಟರ್. ಅದನ್ನು ಸಂಸ್ಕರಿಸುವ ಘಟಕ, ಅಂದರೆ ಎಸ್‌ಟಿಪಿಯಿಂದ ಬಂದದ್ದರಲ್ಲಿ ಶೌಚಕ್ಕೆ 2,25,000 ಹೋದರೂ 3,15,000 ಉಳಿಯುತ್ತದೆ. ತೋಟಕ್ಕೆ ಹಾಕುತ್ತೇವೆ ಎಂದು ಬರೆದಿರುತ್ತಾರೆ. ಮಳೆಗಾಲದಲ್ಲಿ ತೋಟಕ್ಕೆ ನೀರು ಬೇಡ. ಆಗ ಅದು ಕಾಲುವೆಗೆ, ಕಾಲುವೆಯಿಂದ ಕೆರೆಗೆ. ಈ ಒಂದು ಪ್ರಶ್ನೆಯನ್ನೇ ಮೊದಲ ಪುಟದಲ್ಲಿ ಕೇಳಿ.

ರಸ್ತೆಯನ್ನು ಟೇಪು ಹಿಡಿದು ಐದಾರು ಕಡೆ, ಕಾಂಪೌಂಡಿನಿಂದ ಕಾಂಪೌಂಡಿಗೆ ಅಳೆದು ಫೋಟೊ ಲಗತ್ತಿಸಿ. ಎಫ್‌ಎಆರ್ ರಸ್ತೆಯ ಅಗಲದ ಮೇಲೆ ನಿಂತಿದೆ. ವಾಹನ ಎಣಿಕೆ ಯಾವ ದಿನ ಮಾಡಿದ್ದಾರೆಂದೂ ನೋಡಿ, ಶಾಲೆಗೆ ರಜೆ ಇದ್ದ ವಾರವಾದರೆ ಹಾಗೆಂದು ಬರೆಯಿರಿ.

ಮನವಿಯನ್ನು ಖುದ್ದಾಗಿ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸಂಖ್ಯೆ ಹಾಕಿಸಿಕೊಳ್ಳಿ. ಇಮೇಲ್ ಒಂದನ್ನೇ ನಂಬಬೇಡಿ. ಆರ್‌ಟಿಐ ಅರ್ಜಿಗೆ ಕರ್ನಾಟಕದಲ್ಲಿ ಒಂದೇ ವಿಷಯ, 150 ಪದ, 10 ರೂಪಾಯಿ. ಪ್ರತಿ ಕೇಳುವ ಬದಲು ಕಡತ ಪರಿಶೀಲನೆ ಕೇಳಿ. ಕಡತದ ಹಸಿರು ಹಾಳೆಯ ಟಿಪ್ಪಣಿಗಳನ್ನು ಅಲ್ಲೇ ಕೂತು ಓದಿದರೆ ಯಾವ ಪುಟದ ಪ್ರತಿ ಬೇಕೆಂದು ಗೊತ್ತಾಗುತ್ತದೆ.

ಯೋಜನೆಯನ್ನೇ ನಿಲ್ಲಿಸಿ ಎಂದು ಕೇಳುವ ಯೋಚನೆ ನಿಮಗಿದ್ದರೆ ನಾನು ಒಪ್ಪುವುದಿಲ್ಲ. ಹಳದಿ ವಲಯದ ಜಾಗದಲ್ಲಿ ಮನೆ ಕಟ್ಟುವುದನ್ನು ಪೂರ್ತಿ ನಿಲ್ಲಿಸಲಾಗದು. ಇಸಿಯಲ್ಲಿ ಯಾವ ಷರತ್ತು ಬೇಕೆಂದು ಕೇಳಿ: ಕಾಲುವೆ ಮೂಲ ಅಗಲಕ್ಕೆ ಬರಬೇಕು, ಹೆಚ್ಚುವರಿ ನೀರು ಕೆರೆಗೆ ಬಿಡಬಾರದು, ಕಾವೇರಿ ಸಂಪರ್ಕ ಬರುವವರೆಗೆ ಇಂತಿಷ್ಟೇ ಮನೆಗೆ ವಾಸ. ಷರತ್ತು ಪಾಲನೆಯ ವರದಿಯನ್ನು ಕಂಪನಿ ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಕೊಡಲೇಬೇಕು. ಮೇಲ್ಮನವಿ ಕೈತಪ್ಪಿದ ಮೇಲೆ ನಮಗೆ ಉಳಿದದ್ದು ಆ ವರದಿಗಳು ಮಾತ್ರ. ಕಾಲುವೆಯ ಷರತ್ತು ನಮ್ಮ ಇಸಿಯಲ್ಲಿ ಒಂದೇ ಸಾಲು ಇದೆ, ಅಗಲ ಎಷ್ಟೆಂದು ಬರೆದಿಲ್ಲ. ನಾವು ಮೊದಲೇ ಕೇಳಿದ್ದರೆ ಅಲ್ಲಿ ಒಂದು ಸಂಖ್ಯೆ ಇರುತ್ತಿತ್ತು.