ಬೋರ್ಗ್ ಯಾರ ಸಾಲವನ್ನೂ ಉಳಿಸಿಕೊಂಡಿಲ್ಲ

ಪತ್ರ: ಸ್ವೀಡನ್ನಿನ ಟೆನಿಸ್ ಆಟಗಾರ ಬ್ಯೋರ್ನ್ ಬೋರ್ಗ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿದೆ. ಇಪ್ಪತ್ತಾರನೆಯ ವಯಸ್ಸಿಗೇ ಆಟ ಬಿಟ್ಟು ಹೋದವರ ಕ್ರೀಡಾಜೀವನವನ್ನು ‘ಸಾರ್ಥಕ’ ಎಂದು ಕರೆದಿದ್ದೀರಿ. ನನಗದು ಒಪ್ಪಿಗೆಯಿಲ್ಲ. ಅಮೆರಿಕದ ಆಟಗಾರ ಜಾನ್ ಮೆಕೆನ್ರೊ ಎದುರು ಸೋಲತೊಡಗಿದ ಕೂಡಲೇ ಬೆನ್ನು ತೋರಿಸಿದವರು ಅವರು. ಪ್ರತಿಭೆ ಯಾರೊಬ್ಬರ ಸ್ವಂತ ಆಸ್ತಿಯಲ್ಲ, ಅದು ನಾಡಿನದು. ಇನ್ನೊಂದು ಆರು ವರ್ಷ ಆಡಿದ್ದರೆ ಎಷ್ಟು ಪ್ರಶಸ್ತಿ ಗೆಲ್ಲುತ್ತಿದ್ದರೋ! 2023ರಲ್ಲಿ ಬೆಂಗಳೂರಿಗೆ ಬಂದಾಗಲೂ ಮುಖ್ಯಮಂತ್ರಿಗಳ ಸನ್ಮಾನಕ್ಕೆ ಕಾಯದೆ ಎದ್ದುಹೋದರು. ಇಂಥವರನ್ನು ಮಕ್ಕಳ ಮುಂದೆ ಮಾದರಿಯಾಗಿ ಇಡಬಹುದೇ? — ನಿವೃತ್ತ ದೈಹಿಕ ಶಿಕ್ಷಕರು, ದಾವಣಗೆರೆ

ಸಂಪಾದಕರ ಉತ್ತರ: ಮಾನ್ಯ ಮೇಷ್ಟ್ರೇ, ಹೀಗೆ ನೇರವಾಗಿ, ಇಷ್ಟು ಚೆಂದದ ಕೈಬರಹದಲ್ಲಿ ನಮ್ಮನ್ನು ಗದರಿಸುವ ಓದುಗರಿರುವುದು ಪತ್ರಿಕೆಯ ಭಾಗ್ಯ. ನಿಮ್ಮ ಮಾತಿನಲ್ಲಿ ಒಪ್ಪಬೇಕಾದದ್ದೂ ಇದೆ. ಆಟ ಬಿಟ್ಟ ಮೇಲಿನ ಬೋರ್ಗ್ ಅವರ ಬದುಕು ಸುಗಮವಾಗಿರಲಿಲ್ಲ. ವ್ಯವಹಾರ ಕೈಕೊಟ್ಟಿತು, ಮಾದಕ ವಸ್ತುಗಳ ಚಟಕ್ಕೆ ಬಿದ್ದದ್ದನ್ನು 2025ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. 1991ರಲ್ಲಿ ಹಳೆಯ ಮರದ ರಾಕೆಟ್ ಹಿಡಿದು ಮಾಂಟೆಕಾರ್ಲೊದಲ್ಲಿ ಮತ್ತೆ ಅಂಕಣಕ್ಕಿಳಿದು ಮೊದಲ ಪಂದ್ಯದಲ್ಲೇ ಸೋತದ್ದು ಅವರ ಅಭಿಮಾನಿಗಳಿಗೆ ಇಂದಿಗೂ ನೋವಿನ ನೆನಪು. ಅಮೆರಿಕ ಓಪನ್ ಫೈನಲ್‌ನಲ್ಲಿ ನಾಲ್ಕು ಬಾರಿ ಆಡಿಯೂ ಒಮ್ಮೆಯೂ ಗೆಲ್ಲಲಿಲ್ಲ. ಇಷ್ಟನ್ನೂ ಒಪ್ಪಿದೆ. ಆದರೆ ‘ಬೆನ್ನು ತೋರಿಸಿದರು’ ಎಂಬ ಮಾತನ್ನು ಮಾತ್ರ ಸುಮ್ಮನೆ ಬಿಡಲಾರೆ.

ಇಪ್ಪತ್ತಾರು ಎಂದರೆ ಬೇಗ ಎಂದು ನಮಗೆ ಅನ್ನಿಸುವುದು ಆರಂಭದ ವಯಸ್ಸನ್ನು ಮರೆತಾಗ. 1956ರ ಜೂನ್ 6ರಂದು ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿ, ಸಮೀಪದ ಸೋಡರ್ಟೇಲ್ಯ ಎಂಬ ಊರಿನಲ್ಲಿ ಬೆಳೆದ ಈ ಹುಡುಗನ ಕೈಗೆ ಮೊದಲ ರಾಕೆಟ್ ಬಂದದ್ದು ತಂದೆ ಟೇಬಲ್ ಟೆನಿಸ್ ಪಂದ್ಯಾವಳಿಯಲ್ಲಿ ಗೆದ್ದ ಬಹುಮಾನವಾಗಿ. ಗ್ಯಾರೇಜಿನ ಬಾಗಿಲಿಗೆ ಚೆಂಡು ಹೊಡೆದು ಹೊಡೆದು ಆಟ ಕಲಿತರು. ಐಸ್ ಹಾಕಿ ಆಡಿ ಪಳಗಿದ ಕೈಗಳು ಬ್ಯಾಕ್‌ಹ್ಯಾಂಡ್ ಹೊಡೆತಕ್ಕೆ ಎರಡೂ ಒಟ್ಟಿಗೆ ಹೋದವು. ಬಲ್ಲವರು ಅದು ತಪ್ಪು ಎಂದರೂ ಹುಡುಗ ಬಿಡಲಿಲ್ಲ. 1972ರಲ್ಲಿ, ಇನ್ನೂ ಹದಿನೈದರ ವಯಸ್ಸಿನಲ್ಲಿ, ದೇಶಗಳ ತಂಡಗಳು ಸೆಣಸುವ ಡೇವಿಸ್ ಕಪ್‌ನಲ್ಲಿ ಸ್ವೀಡನ್ ಪರ ಆಡಿ ನ್ಯೂಜಿಲೆಂಡಿನ ಅನುಭವಿ ಆಟಗಾರ ಓನಿ ಪರೂನ್ ಅವರನ್ನು ಮಣಿಸಿದರು. 1974ರಲ್ಲಿ, ಹದಿನೆಂಟು ತುಂಬಿದ ಕೆಲವೇ ದಿನಗಳಲ್ಲಿ, ಫ್ರೆಂಚ್ ಓಪನ್ ಫೈನಲ್‌ನ ಮೊದಲ ಎರಡು ಸೆಟ್‌ಗಳನ್ನು ಮ್ಯಾನುಯೆಲ್ ಒರಾಂಟೆಸ್‌ಗೆ ಒಪ್ಪಿಸಿ, ಮುಂದಿನ ಮೂರು ಸೆಟ್‌ಗಳಲ್ಲಿ ಒಟ್ಟು ಎರಡೇ ಗೇಮ್ ಬಿಟ್ಟುಕೊಟ್ಟು ಪ್ರಶಸ್ತಿ ಎತ್ತಿದರು. ಮರುವರ್ಷ ಸ್ವೀಡನ್ ಮೊದಲ ಬಾರಿ ಡೇವಿಸ್ ಕಪ್ ಗೆದ್ದಾಗ ತಂಡದ ಆಧಾರಸ್ತಂಭ ಅವರೇ. ನಮ್ಮಲ್ಲಿ ಮಕ್ಕಳು ಪಿಯುಸಿ ಮುಗಿಸಿ ಮುಂದೇನೆಂದು ಯೋಚಿಸುವ ವಯಸ್ಸಿಗೆ ಅವರು ಒಂದು ದೇಶದ ನಿರೀಕ್ಷೆಯನ್ನೆಲ್ಲ ಹೊತ್ತು ಊರೂರು ಸುತ್ತುತ್ತಿದ್ದರು.

ಅವರು ಮಾಡಿದ್ದೇನು ಎಂಬುದನ್ನು ಪ್ರಶಸ್ತಿಗಳ ಎಣಿಕೆ ಪೂರ್ತಿ ಹೇಳುವುದಿಲ್ಲ. ಆರು ಫ್ರೆಂಚ್ ಓಪನ್, ಸತತ ಐದು ವಿಂಬಲ್ಡನ್, ಗ್ರ್ಯಾನ್‌ಸ್ಲಾಮ್ ಎನಿಸಿದ ವರ್ಷದ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಟ್ಟು 27 ಬಾರಿ ಆಡಿ 11ರಲ್ಲಿ ಗೆಲುವು, ಇದೆಲ್ಲ ಯಾವ ಕೋಷ್ಟಕದಲ್ಲಾದರೂ ಸಿಗುತ್ತದೆ. ಕೋಷ್ಟಕದಲ್ಲಿ ಸಿಗದ ಸಂಗತಿ ಬೇರೆಯಿದೆ. ಪ್ಯಾರಿಸ್ಸಿನ ಆವೆಮಣ್ಣಿನ ಅಂಕಣದಲ್ಲಿ ಚೆಂಡು ಎತ್ತರಕ್ಕೆ ಪುಟಿದು ನಿಧಾನವಾಗಿ ಬರುತ್ತದೆ. ಅಲ್ಲಿ ಗೆಲ್ಲಲು ಹಿಂದಿನ ಗೆರೆಯಲ್ಲಿ ನಿಂತು ಗಂಟೆಗಟ್ಟಲೆ ಕಾಯುವ ತಾಳ್ಮೆ ಬೇಕು. ವಿಂಬಲ್ಡನ್‌ನ ಅಂದಿನ ಹುಲ್ಲಿನ ಅಂಕಣದಲ್ಲಿ ಚೆಂಡು ನೆಲಕ್ಕೆ ಅಂಟಿಕೊಂಡಂತೆ ಜಾರಿ ಬರುತ್ತಿತ್ತು. ಅಲ್ಲಿ ಸರ್ವ್ ಮಾಡಿ ನೆಟ್‌ನತ್ತ ಓಡುವವರದೇ ರಾಜ್ಯ. ಎರಡಕ್ಕೂ ನಡುವೆ ಸಿಗುತ್ತಿದ್ದುದು ಎರಡೇ ವಾರ. ಆ ಎರಡು ವಾರಗಳಲ್ಲಿ ಕಾಲಿನ ಚಲನೆ, ಸರ್ವ್, ಹೊಡೆತದ ಹದ ಎಲ್ಲವನ್ನೂ ಬದಲಿಸಿಕೊಂಡು, 1978, 1979, 1980ರಲ್ಲಿ ಎರಡೂ ಕಡೆ ಪ್ರಶಸ್ತಿ ಗೆದ್ದವರು ಬೋರ್ಗ್. ಇದು ಸಲೀಸಾಗಿ ಆದದ್ದಲ್ಲ ಎಂಬುದಕ್ಕೆ ನಮ್ಮವರೇ ಸಾಕ್ಷಿ. 1979ರ ವಿಂಬಲ್ಡನ್‌ನ ಎರಡನೆಯ ಸುತ್ತಿನಲ್ಲಿ ವಿಜಯ್ ಅಮೃತರಾಜ್ ಅವರ ಎದುರು ಮೊದಲ ಮೂರು ಸೆಟ್‌ಗಳಲ್ಲಿ ಎರಡನ್ನು ಸೋತು ಹಿಂದೆ ಬಿದ್ದಿದ್ದರು. ನಾಲ್ಕನೆಯ ಸೆಟ್ ಟೈಬ್ರೇಕರ್‌ಗೆ, ಅಂದರೆ ಗೇಮ್‌ಗಳು ಸಮವಾದಾಗ ಆಡಿಸುವ ನಿರ್ಣಾಯಕ ಗೇಮ್‌ಗೆ ಹೋಗಿ, ಅದನ್ನು ದಾಟಿಯೇ ಅವರು ಉಳಿದುಕೊಂಡರು. ಅದಕ್ಕೂ ಮೊದಲು, 1974ರ ಅಮೆರಿಕ ಓಪನ್‌ನಲ್ಲಿ, ಇದೇ ಅಮೃತರಾಜ್ ಐದು ಸೆಟ್‌ಗಳ ಹೋರಾಟದಲ್ಲಿ ಬೋರ್ಗ್ ಅವರನ್ನು ಸೋಲಿಸಿದ್ದರು. ಈ ಗೆಲುವನ್ನು ನಮ್ಮ ಕ್ರೀಡಾಪುಟಗಳು ಇನ್ನಷ್ಟು ನೆನೆಯಬೇಕಿತ್ತು ಎಂಬುದು ನನ್ನ ಹಳೆಯ ಕೊರಗು.

ಅವರ ರಾಕೆಟ್‌ನ ಬಗ್ಗೆ ಒಂದು ಮಾತು ಹೇಳಲೇಬೇಕು. ಮರದ ಚೌಕಟ್ಟಿಗೆ ತಂತಿಯನ್ನು ಸುಮಾರು 80 ಪೌಂಡ್‌ಗಳಷ್ಟು ಬಿಗಿಯಾಗಿ ಕಟ್ಟಿಸುತ್ತಿದ್ದರು. ಆ ಬಿಗಿ ತಾಳದೆ, ಹೋಟೆಲ್ ಕೋಣೆಯಲ್ಲಿ ಸುಮ್ಮನೆ ಇಟ್ಟ ರಾಕೆಟ್‌ನ ತಂತಿಗಳು ನಡುರಾತ್ರಿ ತಾವಾಗಿಯೇ ಸಿಡಿಯುತ್ತಿದ್ದವು. ಕೋಚ್ ಲೆನಾರ್ಟ್ ಬರ್ಗೆಲಿನ್ ಅವರಿಗೆ ಆ ರಾಕೆಟ್‌ಗಳ ಆರೈಕೆಯೇ ದೊಡ್ಡ ಕೆಲಸವಾಗಿತ್ತು. ಅಂಕಣದಲ್ಲಿ ಮುಖದ ಒಂದು ಗೆರೆಯೂ ಅಲುಗದ ಆ ಮನುಷ್ಯನನ್ನು ಪತ್ರಿಕೆಗಳು ಮಂಜುಗಡ್ಡೆ ಎಂದವು. ಒಳಗಿನ ಬಿಗಿತವನ್ನು ಕಂಡವರು ಕಡಿಮೆ.

ಈಗ ಮೆಕೆನ್ರೊ ವಿಷಯಕ್ಕೆ ಬರೋಣ. 1980ರ ವಿಂಬಲ್ಡನ್ ಫೈನಲ್‌ನ ನಾಲ್ಕನೆಯ ಸೆಟ್‌ನ ಟೈಬ್ರೇಕರ್ 34 ಅಂಕಗಳವರೆಗೆ ಬೆಳೆದು, 18–16ರಿಂದ ಮೆಕೆನ್ರೊ ಪಾಲಾಯಿತು. ಅದರ ನಡುವೆ ಪಂದ್ಯವನ್ನೇ ಮುಗಿಸಬಹುದಾಗಿದ್ದ ಐದು ಅವಕಾಶಗಳು ಬೋರ್ಗ್ ಕೈಯಿಂದ ಜಾರಿದವು. ಅಷ್ಟಾದ ಮೇಲೂ ಐದನೆಯ ಸೆಟ್‌ನಲ್ಲಿ ತಮ್ಮ ಸರ್ವ್‌ನಲ್ಲಿ ಅವರು ಕಳೆದುಕೊಂಡದ್ದು ಮೂರೇ ಅಂಕ, 8–6ರಿಂದ ಗೆದ್ದರು. ಮೇಷ್ಟ್ರೇ, ಹೆದರಿ ಓಡುವವರ ಲಕ್ಷಣವೇ ಇದು? ಮುಂದಿನ ವರ್ಷ ವಿಂಬಲ್ಡನ್‌ನಲ್ಲಿ ಸತತ 41 ಗೆಲುವುಗಳ ಸರಣಿಯನ್ನು ಮೆಕೆನ್ರೊ ಮುರಿದರು, ಅಮೆರಿಕ ಓಪನ್‌ನಲ್ಲೂ ಅವರೇ ಗೆದ್ದರು, ನಿಜ. ಆದರೆ ಇಬ್ಬರೂ ಎದುರಾದ 14 ಪಂದ್ಯಗಳಲ್ಲಿ ತಲಾ ಏಳು ಗೆಲುವು. ಆ ಹದಿನಾಲ್ಕರಲ್ಲಿ ಒಂದೂ ಬೋರ್ಗ್ ಅವರ ತವರಿನಂತಿದ್ದ ಆವೆಮಣ್ಣಿನ ಅಂಕಣದಲ್ಲಿ ನಡೆದದ್ದಲ್ಲ. ಅದೇ 1981ರಲ್ಲಿ ಇವಾನ್ ಲೆಂಡ್ಲ್ ಅವರನ್ನು ಐದು ಸೆಟ್‌ಗಳಲ್ಲಿ ಸೋಲಿಸಿ ಫ್ರೆಂಚ್ ಓಪನ್ ಗೆದ್ದವರೂ ಅವರೇ. ಆ ವರ್ಷದ ಅಮೆರಿಕ ಓಪನ್ ವೇಳೆ ಅವರಿಗೆ ಕೊಲೆ ಬೆದರಿಕೆಯ ಕರೆಗಳು ಬಂದಿದ್ದವು. ಫೈನಲ್ ಮುಗಿದೊಡನೆ ಬಹುಮಾನ ಸಮಾರಂಭಕ್ಕೂ ನಿಲ್ಲದೆ ಪೊಲೀಸರ ಕಾವಲಿನಲ್ಲಿ ಹೊರನಡೆದರು. ವಿಂಬಲ್ಡನ್‌ನಲ್ಲಿ ಸೋತಾಗ ತಮಗೆ ಬೇಸರವೇ ಆಗಲಿಲ್ಲ, ಅದೇ ತಮ್ಮನ್ನು ಬೆಚ್ಚಿಬೀಳಿಸಿತು ಎಂಬರ್ಥದ ಮಾತನ್ನು ಮುಂದೆ ಅವರು ಹೇಳಿದ್ದಾರೆ. ಇಪ್ಪತ್ತೈದರ ಆಟಗಾರ ತನ್ನ ಮನಸ್ಸನ್ನು ಇಷ್ಟು ಪ್ರಾಮಾಣಿಕವಾಗಿ ಓದಿಕೊಂಡದ್ದನ್ನು ನಾವು ಹೇಡಿತನ ಎಂದು ಕರೆದರೆ ಅನ್ಯಾಯವಾಗುತ್ತದೆ.

ಅದಕ್ಕಿಂತ ದೊಡ್ಡ ಅನ್ಯಾಯ ಮಾಡಿದ್ದು ಆಟದ ಆಡಳಿತ. ಬೋರ್ಗ್ ಕೇಳಿದ್ದು ಬಿಡುವು. 1982ರಲ್ಲಿ ಕಡಿಮೆ ಟೂರ್ನಿಗಳನ್ನು ಆಡುವುದಾಗಿ ಹೇಳಿದರು. ವೃತ್ತಿಪರ ಟೆನಿಸ್ ಮಂಡಳಿಯ ನಿಯಮ ಬೇರೆಯಿತ್ತು: ವರ್ಷಕ್ಕೆ ಕನಿಷ್ಠ ಹತ್ತು ಟೂರ್ನಿಗಳಿಗೆ ಒಪ್ಪಿಕೊಳ್ಳದವರು ಅರ್ಹತಾ ಸುತ್ತಿನಿಂದ ಆಡಿ ಬರಬೇಕು. ಐದು ಬಾರಿಯ ವಿಂಬಲ್ಡನ್ ಚಾಂಪಿಯನ್ ಮಾಂಟೆಕಾರ್ಲೊದಲ್ಲಿ ಅಪರಿಚಿತ ಹುಡುಗರ ಜೊತೆ ಅರ್ಹತಾ ಸುತ್ತು ಆಡಿದರು. ವಿಂಬಲ್ಡನ್‌ಗೆ ಆ ವರ್ಷ ಹೋಗಲೇ ಇಲ್ಲ. 1983ರ ಜನವರಿಯಲ್ಲಿ ನಿವೃತ್ತಿ ಘೋಷಿಸಿದರು. ನಿಯಮ ಎಲ್ಲರಿಗೂ ಒಂದೇ ಇರಬೇಕೆಂಬ ವಾದವನ್ನು ನಾನು ಬಲ್ಲೆ. ಹತ್ತು ವರ್ಷ ದುಡಿದವರು ಒಂದು ವರ್ಷ ಉಸಿರಾಡಲು ಬಿಡುವು ಕೇಳಿದರೆ ಅದಕ್ಕೂ ನಿಯಮದಲ್ಲಿ ಜಾಗ ಮಾಡಿಕೊಡಬಹುದಿತ್ತು. ಕೊಟ್ಟಿದ್ದರೆ ನೀವು ಕೇಳುವ ಆ ಆರು ವರ್ಷಗಳು ನಮಗೆ ದಕ್ಕುತ್ತಿದ್ದವೇನೋ.

ಪ್ರತಿಭೆ ನಾಡಿನದು ಎಂದಿದ್ದೀರಿ. ನಾಡಿಗೆ ಸಲ್ಲಬೇಕಾದದ್ದು ಬಡ್ಡಿ ಸಮೇತ ಸಂದಿದೆ. ಬೋರ್ಗ್ ಆಡದ 1982ರ ಫ್ರೆಂಚ್ ಓಪನ್ ಸ್ವೀಡನ್ನಿನ ಹದಿನೇಳರ ಹುಡುಗ ಮ್ಯಾಟ್ಸ್ ವಿಲಾಂಡರ್ ಪಾಲಾಯಿತು. ಸೆಮಿಫೈನಲ್‌ನ ಕೊನೆಯ ಅಂಕ ತನ್ನದೆಂದು ಅಂಪೈರ್ ಘೋಷಿಸಿದ ಮೇಲೂ, ಎದುರಾಳಿ ಹೊಡೆದ ಚೆಂಡು ಗೆರೆಯ ಒಳಗಿತ್ತು ಎಂದು ಹೇಳಿ ಆ ಅಂಕವನ್ನು ಮತ್ತೆ ಆಡಿಸಿದ ಹುಡುಗ ಅವನು. ಮುಂದೆ ವಿಲಾಂಡರ್ ಏಳು, ಸ್ಟೆಫಾನ್ ಎಡ್ಬರ್ಗ್ ಆರು ಗ್ರ್ಯಾನ್‌ಸ್ಲಾಮ್ ಗೆದ್ದರು. 1987ರ ಡಿಸೆಂಬರಿನಲ್ಲಿ ಗೋಥೆನ್‌ಬರ್ಗ್‌ನಲ್ಲಿ ನಮ್ಮ ಭಾರತ ತಂಡವೇ ಡೇವಿಸ್ ಕಪ್ ಫೈನಲ್‌ನಲ್ಲಿ 5–0ಯಿಂದ ಸ್ವೀಡನ್ನಿನ ಕೈಯಲ್ಲಿ ಸೋತಿತಲ್ಲ! ಮೂರು ಮತ್ತೊಂದು ಜಿಲ್ಲೆಯಷ್ಟು ಜನರಿರುವ ದೇಶದಲ್ಲಿ ಇಂಥ ಬೆಳೆ ಬಂದದ್ದು ಗ್ಯಾರೇಜಿನ ಬಾಗಿಲಿಗೆ ಚೆಂಡು ಹೊಡೆದ ಆ ಹುಡುಗನನ್ನು ನೋಡಿ. ವಿಲಾಂಡರ್ ಕೂಡ 1988ರಲ್ಲಿ ಒಂದೇ ವರ್ಷ ಮೂರು ಗ್ರ್ಯಾನ್‌ಸ್ಲಾಮ್ ಗೆದ್ದು, ಅಗ್ರಪಟ್ಟಕ್ಕೇರಿ, ಆಮೇಲೆ ಹಸಿವು ಇಂಗಿ, ಮತ್ತೊಂದು ಗ್ರ್ಯಾನ್‌ಸ್ಲಾಮ್ ಫೈನಲ್ ಕಾಣಲೇ ಇಲ್ಲ. ಆಗ ಅವರಿಗೆ ಇಪ್ಪತ್ನಾಲ್ಕು. ಅವರನ್ನೂ ಸಾಲಗಾರರ ಪಟ್ಟಿಗೆ ಸೇರಿಸುತ್ತೀರಾ?

ಬೆಂಗಳೂರಿನ ಪ್ರಸಂಗದಲ್ಲಿ ನಾನು ಪೂರ್ತಿ ಬೋರ್ಗ್ ಅವರ ಕಡೆ. 2023ರ ಫೆಬ್ರವರಿಯಲ್ಲಿ ಅವರು ಬಂದದ್ದು ಬೆಂಗಳೂರು ಓಪನ್‌ನಲ್ಲಿ ಆಡುತ್ತಿದ್ದ ಮಗ ಲಿಯೊನ ಆಟ ನೋಡಲು. ಕಬ್ಬನ್ ಪಾರ್ಕಿನ ಟೆನಿಸ್ ಕ್ರೀಡಾಂಗಣದಲ್ಲಿ ಅವರಿಗೂ ವಿಜಯ್ ಅಮೃತರಾಜ್ ಅವರಿಗೂ ಸನ್ಮಾನ ಏರ್ಪಾಡಾಗಿತ್ತು. ಆಗಿನ ಮುಖ್ಯಮಂತ್ರಿಗಳು ಬರುವುದು ತಡವಾಯಿತು, ಮಗನ ಪಂದ್ಯದ ಹೊತ್ತಾಯಿತು, ತಂದೆ ಮಗನ ಪಂದ್ಯಕ್ಕೆ ಹೋದರು. ಇದರಲ್ಲಿ ಅಹಂಕಾರ ಎಲ್ಲಿದೆ? ನಮ್ಮ ನಾಡಿನಲ್ಲಿ ಸನ್ಮಾನ ಯಾರಿಗಾಗಿ ನಡೆಯುತ್ತದೆ ಎಂಬುದೇ ಮರೆತುಹೋಗಿದೆ. ಜಿಲ್ಲಾ ಕೇಂದ್ರವೊಂದರಲ್ಲಿ ನಾನೇ ಕಂಡ ದೃಶ್ಯ: ಓಟದಲ್ಲಿ ಪದಕ ಗೆದ್ದ ಹುಡುಗಿಯೊಬ್ಬಳು ವೇದಿಕೆಯ ಅಂಚಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಧ್ಯಾಹ್ನವಿಡೀ ಕುಳಿತಿದ್ದಳು. ಅತಿಥಿಗಳು ಬಂದದ್ದು ಸಂಜೆ. ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಮೂವರ ಭಾಷಣ ಎಲ್ಲ ಮುಗಿದು ಅವಳ ಹೆಸರು ಕರೆಯುವಾಗ ಊರಿನ ಕೊನೆಯ ಬಸ್ಸು ಹೊರಟಿತ್ತು. ಶಾಲು ಹೊದಿಸಿ, ಪೇಟ ತೊಡಿಸಿ, ಫೋಟೊ ತೆಗೆಸಿ ಕಳಿಸಿದರು. ಅವಳು ಹೇಗೆ ಓಡುತ್ತಾಳೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾಳೆ ಎಂದು ಒಬ್ಬರೂ ಕೇಳಲಿಲ್ಲ. ಮೇಷ್ಟ್ರೇ, ಇಂಥ ವೇದಿಕೆಗಳಿಗೆ ಮಕ್ಕಳನ್ನು ಕರೆದೊಯ್ದು ಕಾದವರು ನೀವು. ಆಟಗಾರರ ಸಮಯಕ್ಕೆ ಬೆಲೆಯಿಲ್ಲದ ಕಡೆ ಆಟ ಹೇಗೆ ಬೆಳೆಯುತ್ತದೆ ಎಂದು ನಿಮಗಿಂತ ಚೆನ್ನಾಗಿ ಹೇಳುವವರು ಯಾರು?

ಮಕ್ಕಳಿಗೆ ಮಾದರಿಯೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ, ಹೌದು ಎಂದೇ ನನ್ನ ಉತ್ತರ. ಈಗಲೂ ಬೆಳಿಗ್ಗೆ ಮೈದಾನದಲ್ಲಿ ಹುಡುಗರಿಗೆ ಆಟ ಕಲಿಸುತ್ತಿರುವುದಾಗಿ ಬರೆದಿದ್ದೀರಿ. ಅವರಲ್ಲಿ ಸೋತಾಗ ಬ್ಯಾಟು, ರಾಕೆಟ್ಟು ಎಸೆದು ಕೂಗಾಡುವವನು ಒಬ್ಬನಾದರೂ ಇರುತ್ತಾನೆ. ಬಾಲಕ ಬೋರ್ಗ್ ಅಂಥವನೇ ಆಗಿದ್ದ. ರಾಕೆಟ್ ಎಸೆದು ಬೈದದ್ದಕ್ಕೆ ಕ್ಲಬ್ಬಿನವರು ಅವನನ್ನು ಕೆಲವು ತಿಂಗಳು ಹೊರಗಿಟ್ಟರು, ಮನೆಯಲ್ಲೂ ಯಾರೂ ಅವನ ಪರ ನಿಲ್ಲಲಿಲ್ಲ. ಮರಳಿ ಬಂದ ಮೇಲೆ ಅವನು ಅಂಕಣದಲ್ಲಿ ಬಾಯಿ ತೆರೆಯಲಿಲ್ಲ. ಈ ಸಂಗತಿಯನ್ನು ಅವರಿಗೆ ಹೇಳಿ, 1980ರ ಫೈನಲ್ ತೋರಿಸಿ. ಟೈಬ್ರೇಕರ್ ಮುಗಿದೊಡನೆ ನಿಲ್ಲಿಸದೆ ಐದನೆಯ ಸೆಟ್ಟನ್ನೂ ಪೂರ್ತಿ ತೋರಿಸಿ. ಅದಾದ ಮೇಲೂ ನಿಮ್ಮ ಅಭಿಪ್ರಾಯ ಬದಲಾಗದಿದ್ದರೆ ಖಂಡಿತ ಮತ್ತೆ ಬರೆಯಿರಿ, ಒಂದಕ್ಷರವನ್ನೂ ಕತ್ತರಿಸದೆ ಪ್ರಕಟಿಸುತ್ತೇವೆ.