ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಊತಕ್ಕೆ ಲೇಸರ್ ಶಸ್ತ್ರಚಿಕಿತ್ಸೆ ಮಾಡಿದರೆ ರಕ್ತಸ್ರಾವ ಕಡಿಮೆ ಏಕೆ?

ಲೇಸರ್ ಅಂಗಾಂಶವನ್ನು ಕತ್ತರಿಸುತ್ತಲೇ ಅಲ್ಲಿನ ಸಣ್ಣ ರಕ್ತನಾಳಗಳ ಬಾಯನ್ನೂ ಮುಚ್ಚುತ್ತದೆ, ಅದಕ್ಕೇ.

ಹೆಚ್ಚು ಬಳಕೆಯಲ್ಲಿರುವ ಹೋಲ್ಮಿಯಂ ಲೇಸರ್‌ನ ತರಂಗಾಂತರ ಸುಮಾರು 2,100 ನ್ಯಾನೋಮೀಟರ್. ಈ ಬೆಳಕನ್ನು ನೀರು ತಕ್ಷಣ ಹೀರಿಕೊಳ್ಳುತ್ತದೆ. ಅಂಗಾಂಶದಲ್ಲಿ ಬಹುಪಾಲು ನೀರೇ ಇರುವುದರಿಂದ ಶಾಖ ಅರ್ಧ ಮಿಲಿಮೀಟರ್‌ನಷ್ಟು ಆಳದಲ್ಲೇ ಖರ್ಚಾಗುತ್ತದೆ. ಮೇಲ್ಪದರದ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ಆಳದ ಭಾಗಕ್ಕೆ ಬಿಸಿ ಅಷ್ಟಾಗಿ ತಟ್ಟುವುದಿಲ್ಲ.

ಹೊಟ್ಟೆ ಕೊಯ್ಯುವ ಅಗತ್ಯವಿಲ್ಲ. ಮೂತ್ರನಾಳದ ಮೂಲಕ ಒಳಭಾಗವನ್ನು ತೋರಿಸುವ ನಳಿಕೆ ತೂರಿಸಿ, ಮೂತ್ರದ ದಾರಿಗೆ ಅಡ್ಡವಾಗಿ ಬೆಳೆದ ಭಾಗವನ್ನು ಕಿತ್ತಳೆಯ ತೊಳೆಯನ್ನು ಸಿಪ್ಪೆಯಿಂದ ಬಿಡಿಸುವಂತೆ ಬಿಡಿಸುತ್ತಾರೆ. ಗ್ರಂಥಿಯ ಹೊರಪದರ ಹಾಗೇ ಉಳಿಯುತ್ತದೆ. ಬಿಡಿಸಿದ್ದನ್ನು ಮೂತ್ರಕೋಶದೊಳಗೆ ಪುಡಿಮಾಡಿ ಹೊರತೆಗೆದು, ಕ್ಯಾನ್ಸರ್ ಅಂಶವೇನಾದರೂ ಇದೆಯೇ ಎಂದು ಪರೀಕ್ಷೆಗೆ ಕಳಿಸುತ್ತಾರೆ. ಗ್ರಂಥಿ ಬಹಳ ದೊಡ್ಡದಾಗಿದ್ದರೂ ಈ ವಿಧಾನ ನಡೆಯುತ್ತದೆ. ನನ್ನ ದೃಷ್ಟಿಯಲ್ಲಿ ಅದರ ದೊಡ್ಡ ಲಾಭ ಅದೇ. 532 ನ್ಯಾನೋಮೀಟರ್‌ನ ಹಸಿರು ಲೇಸರ್ ಬೇರೆ ಬಗೆಯದು: ಅದನ್ನು ರಕ್ತದ ಹಿಮೋಗ್ಲೋಬಿನ್ ಹೀರಿಕೊಳ್ಳುತ್ತದೆ, ಅಂಗಾಂಶ ಆವಿಯಾಗಿಬಿಡುತ್ತದೆ. ಹಾಗಾಗಿ ಪರೀಕ್ಷೆಗೆ ತುಣುಕು ಸಿಗುವುದಿಲ್ಲ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ವೈದ್ಯರು ಲೇಸರ್ ಸೂಚಿಸುವುದೂ ರಕ್ತಸ್ರಾವ ಕಡಿಮೆ ಎಂಬ ಕಾರಣಕ್ಕೇ. ಆದರೆ ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಮುಂದುವರಿಸುವ ನಿರ್ಧಾರವೂ ವೈದ್ಯರದೇ.

ಒಂದು ವಿಷಯವನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಶಸ್ತ್ರಚಿಕಿತ್ಸೆಯ ನಂತರ ಅನೇಕರಲ್ಲಿ ವೀರ್ಯ ಹೊರಬರದೆ ಹಿಂದಕ್ಕೆ, ಮೂತ್ರಕೋಶಕ್ಕೆ ಹೋಗುತ್ತದೆ. ಅದರಿಂದ ಆರೋಗ್ಯಕ್ಕೆ ಅಪಾಯವಿಲ್ಲ, ಆದರೆ ಮಕ್ಕಳು ಬೇಕೆನ್ನುವವರಿಗೆ ಇದು ದೊಡ್ಡ ವಿಚಾರ. ಕೆಲವು ವಾರ ಮೂತ್ರ ತಡೆಯಲಾಗದೆ ಸೋರುವುದೂ ಉಂಟು, ಹೆಚ್ಚಿನವರಲ್ಲಿ ಕ್ರಮೇಣ ಸರಿಹೋಗುತ್ತದೆ.